ಸಾಹುಕಾರರ ನೇಪಾಳ, ನನ್ನ ಲುಂಬಿನಿ

ಔರಾದ್

ನೇಪಾಳ ಹೇಗಿದೆ ಎಂದು ಕೇಳುವವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೇನೆ: ದೇಶ ಚೆನ್ನಾಗಿದೆ, ಆದರೆ ನಾನು ಹೋದ ಹಾಗೆ ಮಾತ್ರ ಯಾರೂ ಹೋಗಬೇಡಿ. ವಿದೇಶಕ್ಕೆ ಹೊರಟವರನ್ನು ನಮ್ಮ ಕಡೆ ಮನೆಮಂದಿಯೆಲ್ಲ ಸೇರಿ ಹಾರ ಹಾಕಿ ಕಳಿಸುತ್ತಾರೆ. ನಾನು ಹೊರಟದ್ದು ಔರಾದಿನ ಬಸ್ ನಿಲ್ದಾಣದ ಹತ್ತಿರ, ಒಂದು ಬಳೆ ಅಂಗಡಿಯ ಮರೆಯಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ನಿಂತು, ಕಳ್ಳಿಯ ಹಾಗೆ. ಹೈಸ್ಕೂಲಿನಲ್ಲಿ ಒಂದು ಜೀವಮಾನ ಪಾಠ ಹೇಳಿ ನಿವೃತ್ತಳಾದವಳಿಗೆ ಈ ವಯಸ್ಸಿನಲ್ಲಿ ಬೇಕಿತ್ತೇ ಇದು?

ಕಾರಣ ಹೇಳುತ್ತೇನೆ. ನಾನು ಯಾವ ಪಕ್ಷಕ್ಕೂ ಸೇರದೆ ನಮ್ಮೂರಿನ ಪುರಸಭೆಗೆ ಗೆದ್ದು ಬಂದವಳು. ಯಾವ ಊರು ಎಂದು ಕೇಳಬೇಡಿ. ಔರಾದ್, ಭಾಲ್ಕಿ, ಬೀದರ್ ಈ ಮೂರರ ನಡುವೆ ಎಲ್ಲೋ ಇದೆ ಎಂದುಕೊಳ್ಳಿ. ಹೆಸರು ಹೇಳಿದರೆ ನಾಳೆಯೇ ನನ್ನ ವಾರ್ಡಿಗೆ ನೀರು ನಿಲ್ಲುತ್ತದೆ.

ಅಧ್ಯಕ್ಷರ ಚುನಾವಣೆ ಹತ್ತಿರ ಬಂದಿತ್ತು. ಆ ಹೊತ್ತಿಗೆ ನಮ್ಮ ಕಡೆ ಒಂದು ಪದ್ಧತಿ ಇದೆ. ಅಧ್ಯಕ್ಷನಾಗಬೇಕೆನ್ನುವವನು ತನಗೆ ಬೇಕಾದ ಸದಸ್ಯರನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಊರು ಬಿಡುತ್ತಾನೆ. ಎದುರಿನವರು ಬಂದು ಎಳೆದುಕೊಳ್ಳಬಾರದಲ್ಲ! ಮತ ಹಾಕುವ ದಿನ ನೇರ ಸಭಾಂಗಣದ ಬಾಗಿಲಲ್ಲಿ ತಂದು ಇಳಿಸುತ್ತಾನೆ. ಇದಕ್ಕೆ ಹೆಸರು ಪ್ರವಾಸ. ಹಿಂದೆಲ್ಲ ಗೋವಾ, ತಿರುಪತಿ ಸಾಕಾಗುತ್ತಿತ್ತು. ನಮ್ಮ ಮಾಣಿಕಪ್ಪ ಸಾಹುಕಾರರು ಈ ಸಲ ದೇಶದ ಗಡಿಯನ್ನೇ ದಾಟಿಸಿದರು.

ಸಾಹುಕಾರರು ಯಾರೆಂದರೆ, ಮೊದಲು ಎಣ್ಣೆ ಮಾರಿದವರು, ಆಮೇಲೆ ನಿವೇಶನ ಮಾರಿದವರು, ಈಗ ನಮ್ಮೊಂದಿಗೆ ಪುರಸಭೆಯಲ್ಲಿ ಕೂತವರು. ನನ್ನ ವಾರ್ಡಿನಲ್ಲಿ ಅವರು ಮಾಡಿದ ಲೇಔಟ್ ಇದೆ. ಅದರ ನಕ್ಷೆಯಲ್ಲಿ ಉದ್ಯಾನಕ್ಕೆಂದು ಹಸಿರು ಬಣ್ಣ ಬಳಿದು ಬಿಟ್ಟ ಒಂದು ಮೈದಾನವಿದೆ. ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ, ಹೆಂಗಸರು ಹಪ್ಪಳ ಒಣಹಾಕುತ್ತಾರೆ, ಸುತ್ತಲಿನ ಓಣಿಗಳ ಹೆಣ್ಣುಮಕ್ಕಳು ಸೈಕಲ್ ಕಲಿಯುತ್ತಾರೆ. ಅದನ್ನು ನಿವೇಶನ ಮಾಡಿ ಮಾರುವ ಆಸೆ ಸಾಹುಕಾರರಿಗೆ ಮೊದಲಿನಿಂದ ಇತ್ತು. ಆ ಮೈದಾನ ಉಳಿಸುತ್ತೇನೆ ಎಂಬ ಒಂದೇ ಮಾತಿನ ಮೇಲೆ ನಾನು ಗೆದ್ದದ್ದು. ನನ್ನಲ್ಲಿ ಬೇರೆ ಯಾವ ಬಂಡವಾಳವೂ ಇರಲಿಲ್ಲ.

ಹಾಗಾದರೆ ಅವರ ಗಾಡಿ ಯಾಕೆ ಹತ್ತಿದೆ? ಒಂದು ಸಂಜೆ ಮನೆಗೆ ಬಂದರು. ಚಹಾ ಕುಡಿದರು. ಗೋಡೆಯ ಮೇಲಿನ ಬುದ್ಧನ ಪಟ ನೋಡಿದರು.

"ಅಕ್ಕೋರ, ನಿಮ್ಮ ಬುದ್ಧ ಹುಟ್ಟಿದ ಜಾಗಾ ನೋಡೀರೇನು?"

"ಇಲ್ರಿ ಸಾವಕಾರ."

"ನಾ ತೋರಸ್ತೀನಿ. ಮೆಂಬರ್ ಮಂದಿ ಎಲ್ಲಾ ನೇಪಾಳಕ ಹೊಂಟೀವಿ. ಅಲ್ಲಿ ಓಟಿನ ಮಾತ ಯಾರೂ ಎತ್ತಂಗಿಲ್ಲ. ಇನ್ನ ನಿಮ್ಮ ಮೈದಾನಾ ನಿಮಗೇ ಇರ್ತದ. ಇದು ನನ್ನ ಜಬಾನ್."

ಅಮ್ಮ ಇದ್ದಾಗ ವೈಶಾಖ ಹುಣ್ಣಿಮೆಗೆ ಬಿಳಿ ಸೀರೆ ಉಟ್ಟು ಲುಂಬಿನಿಯ ಹೆಸರು ಹೇಳುತ್ತಿದ್ದಳು. ನೋಡದೆಯೇ ಹೋದಳು. ಎದುರು ಬಣದವನಾದರೂ ಸಾಚಾ ಎಂದೇನಲ್ಲ, ಅವನೂ ಗುತ್ತಿಗೆದಾರ. ಮಾತು ಕೊಟ್ಟಿದ್ದಾರಲ್ಲ, ನಂಬಿದರೇನು ಎನಿಸಿತು. ಮತ್ತೆ ನನಗೆ ಲುಂಬಿನಿ ನೋಡಬೇಕಿತ್ತು. ಅಷ್ಟೇ.

ಭಾಲ್ಕಿ

ಔರಾದಿನಿಂದ ಹೊರಟ ಗಾಡಿ ಭಾಲ್ಕಿಯಲ್ಲಿ ಸಾಹುಕಾರರ ಹಳೇ ಎಣ್ಣೆ ಗಿರಣಿಯ ಮುಂದೆ ನಿಂತಿತು. ಗಿರಣಿ ಮುಚ್ಚಿ ವರ್ಷಗಳೇ ಆಗಿವೆ, ಒಳಗೆ ಕಾಲಿಟ್ಟರೆ ಈಗಲೂ ಹಿಂಡಿಯ ವಾಸನೆ. ಉಳಿದ ಸದಸ್ಯರು ಒಬ್ಬೊಬ್ಬರಾಗಿ ಬೇರೆ ಬೇರೆ ದಾರಿಯಿಂದ ಅಲ್ಲಿಗೆ ಬಂದು ಸೇರಿದ್ದರು. ಸಾಹುಕಾರರ ಸಹಾಯಕ ಸಂಜು ಒಂದು ಖಾಲಿ ಎಣ್ಣೆ ಡಬ್ಬಿ ಹಿಡಿದುಕೊಂಡು ಎಲ್ಲರ ಮುಂದೆ ಬಂದ.

"ಮೊಬೈಲ್ ಇದರಾಗ ಹಾಕ್ರಿ. ವಾಪಸ್ ಬಂದ ಮ್ಯಾಲ ಕೊಡ್ತೀನಿ."

"ಯಾಕಪ್ಪಾ, ನಾವೇನು ಕೈದಿಗಳೇನು?" ಎಂದೆ.

"ಹಂಗಲ್ರಿ ಅಕ್ಕೋರ. ನಿಮಗ ತ್ರಾಸ ಆಗಬಾರದು ಅಂತ."

ತ್ರಾಸ ಕೊಡುವವರೇ ತ್ರಾಸ ಆಗಬಾರದು ಎನ್ನುತ್ತಾರೆ! ಎಲ್ಲರೂ ಹಾಕಿದರು, ನಾನೂ ಹಾಕಿದೆ.

ಊಟದ ನಂತರ ಸಾಹುಕಾರರು ತಮ್ಮ ಜೀವನ ಚರಿತ್ರೆ ಹೇಳಿದರು. ಮುಂದೆ ಪ್ರವಾಸದುದ್ದಕ್ಕೂ ಗಾಡಿಯ ಮೈಕು ಸಿಕ್ಕಾಗಲೆಲ್ಲ ಅದನ್ನೇ ಹೇಳಿದರು. ನನಗೆ ಈಗ ಅವರ ಹೆಂಡತಿಗಿಂತ ಚೆನ್ನಾಗಿ ಬಾಯಿಪಾಠ ಬರುತ್ತದೆ. ಔರಾದಿನ ಆಚೆಯ ಹಳ್ಳಿಯಲ್ಲಿ ಹುಟ್ಟು. ಅಪ್ಪನದು ಎತ್ತಿನ ಗಾಣ. ಮೀಸೆ ಮೂಡುವ ಮೊದಲೇ ಸೈಕಲ್ಲಿಗೆ ಎರಡೂ ಕಡೆ ಡಬ್ಬಿ ಕಟ್ಟಿಕೊಂಡು ಸಂತೆ ಸಂತೆ ತಿರುಗಿ ಕುಸುಬೆ ಎಣ್ಣೆ, ಶೇಂಗಾ ಎಣ್ಣೆ ಮಾರಿದ್ದು. ಆಮೇಲೆ ಭಾಲ್ಕಿಯಲ್ಲಿ ಗಿರಣಿ. ಯಾವ ಊರಲ್ಲಿ ಯಾರ ಮನೆಯಲ್ಲಿ ಲಗ್ನ, ಯಾರ ಮನೆಯಲ್ಲಿ ಮಣ್ಣು, ಎಲ್ಲ ಅವರಿಗೆ ಗೊತ್ತು. ಕೇಳುವ ಮೊದಲೇ ಡಬ್ಬಿ ಕಳಿಸುತ್ತಿದ್ದರು. ಇದು ಸುಳ್ಳಲ್ಲ, ಒಪ್ಪುತ್ತೇನೆ. ದುಡಿದ ಮನುಷ್ಯ. ಅಂಗಡಿ ಅಂಗಡಿಗೆ ಅಗ್ಗದ ಪ್ಯಾಕೆಟ್ ಎಣ್ಣೆ ಬಂತು, ಗಿರಣಿ ನೊಣ ಹೊಡೆಯತೊಡಗಿತು. ಆಗ ಗಿರಣಿಯ ಹಿಂದಿನ ಬಯಲಿಗೆ ಕಲ್ಲು ನೆಟ್ಟು ನಿವೇಶನ ಮಾಡಿ ಮಾರಿದರು. ಅಲ್ಲಿಂದ ಭಾಗ್ಯದ ಬಾಗಿಲು ತೆರೆಯಿತು.

"ಎಣ್ಣಿ ಮಾರೋದ್ರಾಗ ಡಬ್ಬಿ ತೂಕ ಕಳೀಬೇಕು," ಎಂದು ಸಾಹುಕಾರರು ನಕ್ಕರು. "ಜಾಗಾ ಮಾರೋದ್ರಾಗ ಏನ್ ಕಳ್ಯಾದು ಇಲ್ಲ ನೋಡ್ರಿ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವರ ಚರಿತ್ರೆಯಲ್ಲಿ ಇಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ಇದೇ ಮಾಣಿಕಪ್ಪ ನಮ್ಮ ಊರ ಸಂತೆಗೆ ಎಣ್ಣೆ ತರುತ್ತಿದ್ದರು. ಉಳಿದವರ ಪಾತ್ರೆಗೆ ಲೋಟ ತಾಗಿಸಿ ಸುರಿಯುತ್ತಿದ್ದರು. ನಮ್ಮ ಓಣಿಯವರದು ಬಂದಾಗ ಲೋಟ ಮೇಲಕ್ಕೆ ಹೋಗುತ್ತಿತ್ತು. ಅಮ್ಮ ಪಾತ್ರೆಯನ್ನು ನೆಲಕ್ಕಿಟ್ಟು ಹಿಂದೆ ಸರಿಯಬೇಕು, ಅಷ್ಟೆತ್ತರದಿಂದ ಎಣ್ಣೆ ಬೀಳಬೇಕು. ಗಾಳಿಗೆ ಧಾರೆ ಅಲುಗಿ ಮಣ್ಣಿಗೆ ಬಿದ್ದದ್ದೂ ನಮ್ಮ ಲೆಕ್ಕಕ್ಕೇ. ಈಗ ಅದೇ ಕೈ ನನಗೆ ಒತ್ತಾಯ ಮಾಡಿ ಹೋಳಿಗೆ ಬಡಿಸುತ್ತಿತ್ತು. ಓಟು ಎಷ್ಟು ಮಡಿವಂತಿಕೆ ಬಿಡಿಸಿತು ನೋಡಿ ಎಂದು ಸಂತೋಷಪಡಬೇಕೋ, ಓಟಿಲ್ಲದಿದ್ದರೆ ಬಿಡುತ್ತಿರಲಿಲ್ಲವಲ್ಲ ಎಂದು ಸಿಟ್ಟಾಗಬೇಕೋ? ನಾನು ಸಿಟ್ಟನ್ನೇ ಆರಿಸಿಕೊಂಡೆ. ಹೋಳಿಗೆ ಮಾತ್ರ ತಿಂದೆ.

ಬೀದರ್

ಬೀದರಿನಲ್ಲೂ ಸಾಹುಕಾರರದೊಂದು ಮನೆ ಚಿದ್ರಿ ಬಡಾವಣೆಯಲ್ಲಿದೆ. ಊರ ಪಕ್ಕದ ಕೊಳಾರದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕಂತಿನ ಮೇಲೆ ನಿವೇಶನ ಮಾರಿ ಕಟ್ಟಿಸಿದ ಮನೆ ಎಂದು ಅವರೇ ಅಭಿಮಾನದಿಂದ ಹೇಳುತ್ತಾರೆ. ಹಜಾರದ ಗೋಡೆಗೆ ಅವರ ಲೇಔಟುಗಳ ನಕ್ಷೆಗಳನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆ, ನಾವು ಹಿರಿಯರ ಫೋಟೋ ಹಾಕುವ ಜಾಗದಲ್ಲಿ. ಪ್ರತಿ ನಕ್ಷೆಯಲ್ಲೂ ಹಸಿರು ಚೌಕಗಳು. ಎಲ್ಲ ಚೌಕಗಳೂ ನಿಜವಾಗಿ ಉದ್ಯಾನಗಳಾಗಿದ್ದರೆ ಬೀದರ್ ಇಷ್ಟರಲ್ಲಿ ಮೈಸೂರಾಗಬೇಕಿತ್ತು.

ಅಲ್ಲಿ ಸಂಜು ನಮ್ಮ ಮತದಾರರ ಗುರುತಿನ ಚೀಟಿಗಳನ್ನು ತೆಗೆದುಕೊಂಡ. ನೇಪಾಳಕ್ಕೆ ಹೋಗಲು ನಮಗೆ ಪಾಸ್‌ಪೋರ್ಟ್ ಬೇಕಿಲ್ಲ, ಆ ಚೀಟಿ ಸಾಕಂತೆ. ಜನರ ಓಟಿನಿಂದ ಗೆದ್ದವರ ಓಟಿನ ಚೀಟಿ ಇನ್ನೊಬ್ಬನ ಚೀಲದಲ್ಲಿ!

ನನ್ನ ಪಕ್ಕ ಕೂತಿದ್ದ ಶಮೀಮ್ ಬೇಗಂ ನನ್ನ ಮೊಣಕೈ ಒತ್ತಿದರು. ಅವರು ನನ್ನ ಪಕ್ಕದ ವಾರ್ಡಿನ ಸದಸ್ಯೆ, ಹೊಲಿಗೆ ತರಗತಿ ನಡೆಸುವವರು, ನನಗಿಂತ ಸ್ವಲ್ಪ ದೊಡ್ಡವರು. ನಾನು ಅವರಿಗೆ ಬಾಜಿ, ಅಂದರೆ ಉರ್ದುವಿನ ಅಕ್ಕ, ಎನ್ನುತ್ತೇನೆ, ಅವರು ನನಗೆ ಅಕ್ಕಾ ಎನ್ನುತ್ತಾರೆ. ಯಾರು ಯಾರಿಗೆ ಅಕ್ಕ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.

"ಅಕ್ಕಾ, ಗುಸ್ಸಾ ಮಾಡಬ್ಯಾಡ್ರಿ," ಎಂದು ಪಿಸುಗುಟ್ಟಿದರು. "ನನ್ನ ಮೊಮ್ಮಗಳು ನಿಮ್ಮ ಮೈದಾನದಾಗೇ ಸೈಕಲ್ ಕಲ್ತಾಳ. ಆ ಜಾಗಾಕ ಏನೂ ಆಗಂಗಿಲ್ಲ, ಸಾವಕಾರ್ ನನಗ ಭೀ ಹೇಳ್ಯಾರ."

ನಮ್ಮಿಬ್ಬರಿಗೂ ಒಂದೇ ಬೆಣ್ಣೆ ಹಚ್ಚಿದ್ದಾರೆ ಎಂದು ಆಗಲೇ ಗೊತ್ತಾಗಬೇಕಿತ್ತು.

ಕಠ್ಮಂಡು

ವಿಮಾನದಲ್ಲಿ ಎಲ್ಲರೂ ಕಿಟಕಿಯ ಹತ್ತಿರ ಕೂರುವ ಗಲಾಟೆ ಮಾಡಿದರು. ಬಂಡೆಪ್ಪ ಎಂಬ ಸದಸ್ಯರ ಚೀಲದಲ್ಲಿ ಖಡಕ್ ರೊಟ್ಟಿಯ ಗಂಟು ಎಷ್ಟಿತ್ತೆಂದರೆ ತಪಾಸಣೆಯವರು ಅದನ್ನು ಬಡಿದು ಬಡಿದು ನೋಡಿದರು. "ತಿನ್ನೋದರೀ ಸಾಹೇಬ್ರ, ತಿನ್ನೋದು!" ಎಂದು ಬಂಡೆಪ್ಪ ಒಂದು ಮುರಿದು ಬಾಯಿಗೆ ಹಾಕಿ ತೋರಿಸಬೇಕಾಯಿತು.

ಆ ರೊಟ್ಟಿಯೇ ನಮ್ಮನ್ನು ಉಳಿಸಿತು. ಕಠ್ಮಂಡುವಿನಲ್ಲಿ ಎಲ್ಲಕ್ಕೂ ಸಾಸಿವೆ ಎಣ್ಣೆ. ಅನ್ನ, ಬೇಳೆ, ಸೊಪ್ಪು ಎಲ್ಲ ರುಚಿಯೇ, ಆದರೆ ಆ ಘಾಟಿಗೆ ನಮ್ಮವರು ಮೂಗು ಮುಚ್ಚಿಕೊಂಡರು. ಸಾಹುಕಾರರು ಸೀದಾ ಹೋಟೆಲಿನ ಅಡುಗೆಮನೆಗೆ ನುಗ್ಗಿದರು. ಅಂಗೈಗೆ ಎಣ್ಣೆ ಹಾಕಿಕೊಂಡು ಉಜ್ಜಿದರು, ಮೂಸಿದರು, ನಾಲಿಗೆಗೆ ತಾಗಿಸಿದರು. ಆಮೇಲೆ ಅಡುಗೆಯವನಿಗೆ ಹಿಂದಿಯಲ್ಲಿ, ಇದರಲ್ಲಿ ಸಾಸಿವೆ ಅರ್ಧವೇ, ಉಳಿದದ್ದು ಬೇರೆ ಎಂದರು. ಅಡುಗೆಯವನು ತಬ್ಬಿಬ್ಬಾದ. ಇಷ್ಟು ಸರಿಯಾಗಿ ಬೆರಕೆ ಹಿಡಿಯಬೇಕಾದರೆ ಮನುಷ್ಯ ಒಂದು ಕಾಲದಲ್ಲಿ ಎಷ್ಟು ಬೆರೆಸಿರಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ನಮ್ಮನ್ನು ಹಿಂಡಾಗಿ ಹೊರಗೆ ಕರೆದೊಯ್ದು ಹಿಂಡಾಗಿ ವಾಪಸು ತರುತ್ತಿದ್ದರು. ಗುಡಿ, ಸ್ತೂಪ ಎಲ್ಲೆಡೆ ಸಂಜು ಹಿಂದೆ ನಿಂತು ತಲೆ ಎಣಿಸುತ್ತಿದ್ದ. ಒಮ್ಮೆ ನಾನು ತಪ್ಪಿಸಿಕೊಂಡು ಒಂದು ಸಣ್ಣ ಚಹಾದಂಗಡಿಗೆ ಹೋದೆ. ಅಂಗಡಿಯಾಕೆ ಬಲಗೈಯಲ್ಲಿ ಲೋಟ ಹಿಡಿದು, ಎಡಗೈ ತುದಿಯನ್ನು ಬಲ ಮೊಣಕೈಗೆ ತಾಗಿಸಿಕೊಂಡು ನನ್ನ ಕೈಗೆ ಕೊಟ್ಟಳು. ಚಿಲ್ಲರೆಯನ್ನೂ ಹಾಗೆಯೇ ಕೊಟ್ಟಳು. ಪಕ್ಕದ ಕೂಲಿಯವನಿಗೂ ಹಾಗೆಯೇ. ಅಲ್ಲಿಯವರು ಯಾರಿಗೆ ಏನು ಕೊಟ್ಟರೂ ಹೀಗೇ ಕೊಡುವುದಂತೆ, ಅದು ಮರ್ಯಾದೆ. ಕೊಡುವ ಕೈಗೆ ಇಷ್ಟು ವಿನಯ ಇರಲು ಸಾಧ್ಯವೇ ಎಂದು ನೋಡುತ್ತಾ ನಿಂತುಬಿಟ್ಟೆ. ನನ್ನ ಅಮ್ಮ ನೆಲದ ಮೇಲಿಟ್ಟ ಎಣ್ಣೆ ಪಾತ್ರೆ ಕಣ್ಣಮುಂದೆ ಬಂತು. ದುಃಖವಾಯಿತು ಎನ್ನಲೇ? ಇಲ್ಲ, ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಸಂಜು ಏದುಸಿರು ಬಿಡುತ್ತಾ ಹುಡುಕಿಕೊಂಡು ಬಂದ.

ಮರುದಿನ ಒಂದು ಹಳೆಯ ಅರಮನೆಯ ತೋಟಕ್ಕೆ ಹೋದೆವು. ಹುಲ್ಲಿನ ಮೇಲೆ ಮಕ್ಕಳು ಉರುಳಾಡುತ್ತಿದ್ದರು, ಮುದುಕರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಸಾಹುಕಾರರು ಸೊಂಟಕ್ಕೆ ಕೈ ಇಟ್ಟು ಸುತ್ತ ನೋಡಿ, "ಊರಂದ್ರ ಹಿಂಗ ಗಾರ್ಡನ್ ಇರಬೇಕು ನೋಡ್ರಿ," ಎಂದರು. ಬಂಡೆಪ್ಪನಿಗೆ ಬಾಯಿ ತಡೆಯಲಿಲ್ಲ.

"ಸಾವಕಾರ್ರ, ನಿಮ್ಮ ಲೇಔಟಿನ ನಕ್ಷಾದಾಗ ಭೀ ಗಾರ್ಡನ್ ಅದಲ್ರಿ!"

"ನಕ್ಷಾದಾಗ ಇರ್ತದ ಬಂಡೆಪ್ಪ. ಅಧ್ಯಕ್ಷ ಆದ ಮ್ಯಾಲ ಮೊದಲ ಮೀಟಿಂಗಿನಾಗ ನಕ್ಷಾನೇ ಬದಲಿ ಆಗ್ತದ."

ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರು ತಿರುಗಿ ನೋಡಿದಾಗ ನಾನು, ಶಮೀಮ್ ಬಾಜಿ ಹಿಂದೆಯೇ ನಿಂತಿದ್ದೆವು. ಒಂದು ಕ್ಷಣವೂ ನಾಚಲಿಲ್ಲ ಆ ಮನುಷ್ಯ. "ಚಾಷ್ಟಿ ಮಾಡಿದೆ ಅಕ್ಕೋರ," ಎಂದು ಕೈ ಬೀಸಿದರು. ಚೇಷ್ಟೆಯಂತೆ! ಜಬಾನ್ ಕೊಟ್ಟದ್ದು ನನ್ನ ಮನೆಯಲ್ಲಿ, ನನ್ನ ಚಹಾ ಕುಡಿದು!

ಆ ಸಂಜೆ ಹೋಟೆಲಿನ ಕೋಣೆಯಲ್ಲಿ ಎಲ್ಲರಿಂದ ಆಣೆ ಮಾಡಿಸಿದರು. ಇದೂ ಪ್ರವಾಸದ ಪದ್ಧತಿಯೇ. ಸಾಹುಕಾರರಿಗೆ ಕಾಗದದ ಮೇಲೆ ನಂಬಿಕೆ ಇಲ್ಲ, ದೇವರ ಮೇಲೆ ಇದೆ. ಬಂಡೆಪ್ಪ ಲಿಂಗ ಹಿಡಿದುಕೊಂಡು, ಅಧ್ಯಕ್ಷರ ಕುರ್ಚಿಗೆ ಸಾಹುಕಾರರಿಗೇ ಕೈ ಎತ್ತುತ್ತೇನೆ ಎಂದ. ಇನ್ನು ಕೆಲವರು ದೇವರ ಅರಿಶಿನ ಭಂಡಾರ ಮುಟ್ಟಿ ಅದೇ ಮಾತು ಹೇಳಿದರು. ಶಮೀಮ್ ಬಾಜಿ ತಲೆಯ ಮೇಲೆ ಸೆರಗು ಎಳೆದುಕೊಂಡರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಕೊನೆಗೆ ಕುರಾನಿನ ಹೆಸರು ಹೇಳಿ ಅದೇ ಮಾತಿಗೆ ಕಸಮ್ ಮಾಡಿದರು. ನನ್ನ ಸರದಿ ಬಂದಾಗ ಸಾಹುಕಾರರು ಗೊಂದಲಕ್ಕೆ ಬಿದ್ದರು. ನನ್ನ ಕೈಗೆ ಏನು ಕೊಡಬೇಕು ಎಂದು ಅವರಿಗೆ ತಿಳಿಯಲಿಲ್ಲ.

"ನಿಮ್ದು ಲುಂಬಿನಿದಾಗ ಇಡೂಣು ಅಕ್ಕೋರ," ಎಂದರು.

ಲುಂಬಿನಿ

ಲುಂಬಿನಿಯಲ್ಲಿ ಮೊದಲು ಕಿವಿಗೆ ತಾಗಿದ್ದು ಮೌನ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಬುದ್ಧ ಹುಟ್ಟಿದ ಸ್ಥಳವನ್ನು ಕಾಪಾಡಿದ ಬಿಳಿ ಕಟ್ಟಡ, ಆಚೆ ಕೊಳ, ಅಶೋಕನ ಕಂಬ, ಬಣ್ಣಬಣ್ಣದ ಬಾವುಟಗಳನ್ನು ಕಟ್ಟಿದ ಅರಳಿಮರ. ಮರದ ಕೆಳಗೆ ಯಾವ ಯಾವ ದೇಶದವರೋ ಕಣ್ಣು ಮುಚ್ಚಿ ಕೂತಿದ್ದರು. ಯಾರೂ ಗಂಟೆ ಬಾರಿಸುವುದಿಲ್ಲ, ಯಾರೂ ಯಾರನ್ನೂ ಸಾಲಿನಿಂದ ತಳ್ಳುವುದಿಲ್ಲ. ನೀನು ಯಾವ ಓಣಿಯವಳು ಎಂದು ಯಾರೂ ಕೇಳುವುದಿಲ್ಲ. ಅಮ್ಮನ ಹೆಸರು ಹೇಳಿಕೊಂಡು ನೆಲಕ್ಕೆ ಹಣೆ ಮುಟ್ಟಿಸಿದೆ. ಕಣ್ಣೀರು ತಾನಾಗಿ ಬಂತು.

ತಲೆ ಎತ್ತಿದರೆ ಎದುರಿಗೆ ಸಾಹುಕಾರರು! ಪಕ್ಕದಲ್ಲಿ ಸಂಜು, ಮೊಬೈಲ್ ಎತ್ತಿ ಹಿಡಿದಿದ್ದ.

"ಛಲೋ ಆಯ್ತು ದರ್ಶನ? ಈಗ ಹೇಳಿಬಿಡ್ರಿ ಅಕ್ಕೋರ. ಎಲ್ಲಾರೂ ಅವರವರ ದೇವರ ಮ್ಯಾಲ ಆಣಿ ಮಾಡ್ಯಾರ. ನೀವು ನಿಮ್ಮ ದೇವರ ಮ್ಯಾಲ ಮಾಡ್ರಿ. ಸಂಜು ವಿಡಿಯೋ ಮಾಡ್ತಾನ."

ಇದಕ್ಕೆ! ಇದಕ್ಕಾಗಿ ನನ್ನನ್ನು ಇಲ್ಲಿಗೆ ತಂದದ್ದು! ನನ್ನ ತಾಯಿ ಸಾಯುವವರೆಗೂ ಹಂಬಲಿಸಿದ ನೆಲವನ್ನು ಈ ಮನುಷ್ಯ ತನ್ನ ಕುರ್ಚಿಗೆ ಸಾಕ್ಷಿ ಹೇಳಿಸಲು ಆರಿಸಿದ್ದ. ಎದ್ದು ನಿಂತೆ. ಆದರೂ ಆ ಜಾಗದಲ್ಲಿ ದನಿ ಏರಿಸಲು ಮನಸ್ಸಾಗಲಿಲ್ಲ.

"ಬುದ್ಧ ನಮ್ಮ ದೇವರಲ್ರಿ ಸಾವಕಾರ. ನಮ್ಮ ಗುರು."

"ಯಾರಾದ್ರ ಏನ್ರಿ, ನೀವು ನಂಬೀರಿಲ್ಲ?"

"ನಂಬೀನಿ. ಅದಕ್ಕೇ ಹೇಳ್ತೀನಿ ಕೇಳ್ರಿ. ಸುಳ್ಳ ಹೇಳಬಾರದು ಅಂತ ನಮಗ ಒಂದ್ ಶೀಲ ಅದ. ಸಣ್ಣಾಕಿ ಇದ್ದಾಗಿಂದ ದಿನಾ ಹೇಳ್ಕೊಂಡು ಬಂದೀನಿ. ಇಲ್ಲಿ ನಿಂತು ಸುಳ್ಳ ಹ್ಯಾಂಗ ಹೇಳಲಿ? ನನ್ನ ಓಟು ನಿಮಗಿಲ್ಲ. ಮೈದಾನಾ ಮಾರೋರಿಗಿ ನಾ ಕೈ ಎತ್ತಂಗಿಲ್ಲ. ಸಂಜು, ಇದು ವಿಡಿಯೋದಾಗ ಸರಿಯಾಗಿ ಬಂತೇನಪ್ಪಾ?"

ಸಾಹುಕಾರರ ಮುಖ ಕಪ್ಪಿಟ್ಟಿತು. ಅಲ್ಲಿ ಕೂತಿದ್ದ ಒಬ್ಬ ಭಿಕ್ಷು ಕಣ್ಣು ತೆರೆದು ನಮ್ಮ ಕಡೆ ನೋಡಿ ಮತ್ತೆ ಮುಚ್ಚಿದ. ಸಾಹುಕಾರರು ಸಂಜುವಿನ ಮೊಬೈಲ್ ಕೆಳಗಿಳಿಸಿದರು, ಅವನನ್ನು ಕರೆದುಕೊಂಡು ಹೊರಟುಹೋದರು. ಇಷ್ಟು ಸುಲಭವಾಗಿ ಮುಗಿಯಿತೇ ಎಂದುಕೊಂಡೆ.

ಎಲ್ಲಿಯ ಸುಲಭ! ನಾನು ಕೊಳದ ಹತ್ತಿರ ಇನ್ನೊಂದು ಸುತ್ತು ಹಾಕಿ ಹೊರಗೆ ಬಂದರೆ ನಮ್ಮ ಗಾಡಿ ಇರಲಿಲ್ಲ. ಚಹಾ ಕುಡಿಯಲು ಹೋಗಿರಬಹುದೆಂದು ಕಾದೆ. ಬಿಸಿಲು ಇಳಿಯಿತು, ಗಾಡಿ ಬರಲಿಲ್ಲ. ಆಗ ನನಗೆ ಹೊಳೆಯಿತು. ನನ್ನ ಓಟು ಅವರಿಗೆ ಸಿಗದಿದ್ದರೂ ಪರವಾಗಿಲ್ಲ, ಎದುರಿನವನಿಗೆ ಬೀಳದಿದ್ದರೆ ಸಾಕು. ನಾನು ಸಭೆಗೆ ಬರಲೇಬಾರದು. ಮೊಬೈಲ್ ಭಾಲ್ಕಿಯ ಎಣ್ಣೆ ಡಬ್ಬಿಯಲ್ಲಿ, ಚೀಟಿ ಸಂಜುವಿನ ಚೀಲದಲ್ಲಿ, ನನ್ನ ಬಟ್ಟೆಬರೆ ಗಾಡಿಯಲ್ಲಿ. ಪರದೇಶದಲ್ಲಿ ಒಬ್ಬ ಹೆಂಗಸನ್ನು ಬಿಟ್ಟುಹೋಗಲು ಇವರಿಗೆ ಎದೆಯಾದರೂ ಹೇಗೆ ಬಂತು? ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಖ ಹೇಗೆ ನೋಡುತ್ತಾರೆ?

ಉದಗೀರಿನ ಬಸ್ಸು

ಕಟ್ಟೆಯ ಮೇಲೆ ಕೂತು ಯಾರಿಗೆ ಬೈಯಬೇಕು ಎಂದು ಯೋಚಿಸುತ್ತಿದ್ದಾಗ "ಜೈ ಭೀಮ್!" ಎಂದಿತು ಒಂದು ದನಿ. ತಿರುಗಿದರೆ ಬಿಳಿ ಸೀರೆಯ ಹೆಂಗಸರ ಒಂದು ಗುಂಪು, ಮಾತೆಲ್ಲ ಮರಾಠಿ. ಉದಗೀರಿನವರಂತೆ. ಔರಾದಿನಿಂದ ಗಡಿ ದಾಟಿದರೆ ಸಿಗುವ ಊರು! ಬುದ್ಧನ ಸ್ಥಳಗಳನ್ನೆಲ್ಲ ನೋಡಿಕೊಂಡು ಬಸ್ಸಿನಲ್ಲಿ ವಾಪಸು ಹೊರಟಿದ್ದರು. ನಮ್ಮ ಮನೆಯಲ್ಲೂ ಮರಾಠಿ ಆಡುತ್ತೇವೆ. ನನ್ನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಗುಂಪಿನ ಹಿರಿಯಳು ಗಯಾಬಾಯಿ. ಕೇಳಿ ಮುಗಿಯುವಷ್ಟರಲ್ಲಿ ಅವಳೇ ನನಗಿಂತ ಕೆಂಡವಾಗಿದ್ದಳು. "ಬಿಟ್ಟು ಹೋದನೇ? ಬುದ್ಧನ ಬಾಗಿಲಲ್ಲಿ ಬಿಟ್ಟು ಹೋದನೇ ಆ ಹಲ್ಕಟ್?" ಎಂದು ಮರಾಠಿಯಲ್ಲಿ ಕಿರುಚಿ ನನ್ನ ಕೈ ಹಿಡಿದು ಎಳೆದುಕೊಂಡೇ ಬಸ್ ಹತ್ತಿಸಿದಳು. ಮುಂದಿನ ಸೀಟಿನಲ್ಲಿದ್ದ ತನ್ನ ಗಂಡನನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದಳು. ಆ ಮನುಷ್ಯ ತನ್ನ ಚೀಲ ಎತ್ತಿಕೊಂಡು ಹೋದ.

ಗಡಿಯಲ್ಲಿ ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಪೊಲೀಸಿನವನು ಬಸ್ಸಿನೊಳಗೆ ಇಣುಕಿದ. ಎಲ್ಲರೂ ಒಂದೇ ದನಿಯಲ್ಲಿ ಪ್ರಾರ್ಥನೆ ಶುರು ಮಾಡಿದರು. ಅವನು ಕೈಮುಗಿದು ಇಳಿದುಹೋದ.

ಆಮೇಲಿನ ದಾರಿಯ ಬಗ್ಗೆ ಏನು ಹೇಳಲಿ? ಆ ಬಸ್ಸಿನ ಸುಖ ಸಾಹುಕಾರರ ಹೋಟೆಲಿನಲ್ಲಿ ಇರಲಿಲ್ಲ. ರಸ್ತೆ ಬದಿಗೆ ಒಲೆ ಹೂಡಿ ಜೋಳದ ಭಾಕ್ರಿ, ಕಡಲೆಹಿಟ್ಟಿನ ಝುಣಕಾ ಮಾಡಿದರು. ಒಂದೇ ತಟ್ಟೆಯಲ್ಲಿ ನಾಲ್ಕು ಕೈ. ನಾನು ಪುರಸಭೆ ಸದಸ್ಯೆ ಎಂದು ತಿಳಿದಿದ್ದೇ ತಡ, ಒಬ್ಬೊಬ್ಬರಾಗಿ ಬಂದು ದೂರು ಹೇಳತೊಡಗಿದರು. ಒಬ್ಬಳ ಮನೆಮುಂದೆ ಗಟಾರ ಕಟ್ಟಿದೆ, ಇನ್ನೊಬ್ಬಳ ಓಣಿಯಲ್ಲಿ ದೀಪವಿಲ್ಲ.

"ನಿಮ್ಮದು ಮಹಾರಾಷ್ಟ್ರ, ನನಗೆ ಅಲ್ಲಿ ಅಧಿಕಾರವಿಲ್ಲ," ಎಂದೆ.

"ಇರಲಿ ಬಾಯಿ, ಕೇಳಿಸಿಕೊಳ್ಳಿ. ನಮ್ಮವರು ಅದನ್ನೂ ಮಾಡುವುದಿಲ್ಲ," ಎಂದಳು ಗಯಾಬಾಯಿ.

ಕೇಳಿಸಿಕೊಂಡೆ. ಉದಗೀರು ಬರುವವರೆಗೂ ಕೇಳಿಸಿಕೊಂಡೆ. ಈ ಹೆಂಗಸರು ನನಗೆ ಓಟು ಹಾಕಿದವರಲ್ಲ, ಮುಂದೆಯೂ ಹಾಕುವವರಲ್ಲ. ನನ್ನನ್ನು ಮನೆ ಮುಟ್ಟಿಸಲು ಬಸ್ಸು ಊಟಕ್ಕಲ್ಲದೆ ಎಲ್ಲಿಯೂ ನಿಲ್ಲದಂತೆ ಡ್ರೈವರನ ಬೆನ್ನು ಹತ್ತಿದ್ದರು. ನನ್ನ ಜೊತೆ ಪ್ರಮಾಣ ಮಾಡಿ ಸದಸ್ಯರಾದವರು ನನ್ನನ್ನು ರಸ್ತೆಯಲ್ಲಿ ಬಿಟ್ಟು ಹೋಗಿದ್ದರು.

ನಮ್ಮೂರು

ಉದಗೀರಿನಿಂದ ಸಿಕ್ಕ ಬಸ್ಸು ಹಿಡಿದು, ಮೈತುಂಬ ಧೂಳು ಹೊತ್ತು ಸಭಾಂಗಣದ ಬಾಗಿಲಿಗೆ ಬಂದಾಗ ಮತದಾನ ಶುರುವಾಗುವುದರಲ್ಲಿತ್ತು. ಬಾಗಿಲಲ್ಲಿದ್ದ ಸಂಜು ದೆವ್ವ ಕಂಡವನಂತೆ ಹಿಂದೆ ಸರಿದ. ಒಳಗೆ ಬಂಡೆಪ್ಪ ತಲೆ ತಗ್ಗಿಸಿದ. ಶಮೀಮ್ ಬಾಜಿ ಎದ್ದು ಬಂದು ನನ್ನನ್ನು ಅಪ್ಪಿಕೊಂಡರು.

"ಅಕ್ಕಾ! ನೀವು ಬ್ಯಾರೆ ಗಾಡಿದಾಗ ಮುಂದ ಹೋಗೀರಿ ಅಂದ್ರು ನಮಗ!"

ಸಾಹುಕಾರರು ಮಾತ್ರ ಏನೂ ಆಗಿಲ್ಲವೆಂಬಂತೆ, "ಬರ್ರಿ ಅಕ್ಕೋರ, ಕೂಡ್ರಿ," ಎಂದರು. ಎಂಥ ಗಟ್ಟಿ ಚರ್ಮ!

ಕೈ ಎತ್ತುವ ಸಮಯ ಬಂತು. ನಾನು ಎದುರಿನವನಿಗೆ ಎತ್ತಿದೆ. ಅವನ ಮೇಲಿನ ಪ್ರೀತಿಗಲ್ಲ, ಮೈದಾನಕ್ಕೆ. ಆಮೇಲೆ ಸಾಹುಕಾರರ ಪರ ಕೈಗಳು ಎದ್ದವು. ಬಂಡೆಪ್ಪನದು, ಭಂಡಾರ ಮುಟ್ಟಿದವರದು. ಕೊನೆಗೆ, ಎಲ್ಲರೂ ನೋಡುತ್ತಿರುವಾಗ, ಶಮೀಮ್ ಬಾಜಿಯ ಕೈ ನಿಧಾನವಾಗಿ ಮೇಲೆದ್ದಿತು. ಆ ಒಂದು ಕೈಯಿಂದ ಸಾಹುಕಾರರು ಅಧ್ಯಕ್ಷರಾದರು. ಹೊರಗೆ ಪಟಾಕಿ ಹಾರಿತು.

ಮೆಟ್ಟಿಲ ಮೇಲೆ ಬಾಜಿಯನ್ನು ಹಿಡಿದು ನಿಲ್ಲಿಸಿದೆ. "ಯಾಕ ಬಾಜಿ? ತೋಟದಾಗ ಆ ಮಾತ ನೀವೂ ಕೇಳೀರಿ!"

"ಕಸಮ್ ಮಾಡೀನಿ ಅಕ್ಕಾ. ಕಸಮ್ ಮುರಿಯಾಕ ನನ್ನಿಂದ ಆಗಂಗಿಲ್ಲ."

ನನಗೆ ತಡೆಯಲಾಗಲಿಲ್ಲ. ಅಲ್ಲೇ, ಹಾರ ಹಿಡಿದುಕೊಂಡು ಇಳಿಯುತ್ತಿದ್ದ ಎಲ್ಲ ಸದಸ್ಯರಿಗೂ ಕೇಳುವಂತೆ ಕೂಗಿದೆ. "ಇದೇ ಹಾಲಿನಾಗ ಮೆಂಬರ್ ಆದ ದಿನ ಎಲ್ಲಾರೂ ಪ್ರಮಾಣ ಮಾಡೀರಿಲ್ಲ? ಜನರ ಕೆಲಸ ಮಾಡ್ತೀವಿ ಅಂತ ದೇವರ ಹೆಸರ ಹೇಳೀರಿಲ್ಲ? ಅದು ಆಣಿ ಅಲ್ಲೇನು? ಸಾವಕಾರ ಹೋಟೆಲಿನಾಗ ಮಾಡಿಸಿದ್ದು ಒಂದೇ ಆಣಿ ಏನು?" ಬಂಡೆಪ್ಪ ಕೈಯಲ್ಲಿದ್ದ ಹಾರವನ್ನು ಮೆಟ್ಟಿಲ ಮೇಲೆಯೇ ಇಟ್ಟು ಇಳಿದ. ಬಾಜಿ ಕಣ್ಣೊರೆಸಿಕೊಂಡು ಹೋದರು. ಅಂದಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ.

ಮೊದಲ ಸಾಮಾನ್ಯ ಸಭೆ ಬಂತು. ಸಾಹುಕಾರರು ಹೊಸ ಅಂಗಿ ತೊಟ್ಟು ಬಂದಿದ್ದರು. ಗಂಟಲು ಸರಿಮಾಡಿಕೊಂಡು ಮೊದಲ ವಿಷಯವನ್ನೇ ತೆಗೆದರು: ಲೇಔಟಿನ ನಕ್ಷೆ ಬದಲಿಸಿ ಉದ್ಯಾನದ ಜಾಗವನ್ನು ನಿವೇಶನಗಳಾಗಿ ಮಾಡುವುದು. ನಾನು ಎದ್ದು ವಿರೋಧಿಸಿದೆ. ಅವರು ನಗುತ್ತಾ ಕೇಳಿದರು. ಸೋಲುವವರ ಮಾತನ್ನು ಗೆಲ್ಲುವವರು ಕೇಳುವ ಹಾಗೆ.

"ಆತು ಅಕ್ಕೋರ. ಈಗ ಒಪ್ಪಿಗಿ ಇದ್ದವರು ಕೈ ಎತ್ರಿ."

ಯಾರೂ ಎತ್ತಲಿಲ್ಲ. ಬಂಡೆಪ್ಪ ಫ್ಯಾನ್ ನೋಡುತ್ತಿದ್ದ. ಭಂಡಾರ ಮುಟ್ಟಿದವರು ಉಗುರು ನೋಡಿಕೊಳ್ಳುತ್ತಿದ್ದರು. ಸಾಹುಕಾರರು ಇನ್ನೊಮ್ಮೆ ಕೇಳಿದರು. ಕೈಗಳು ಮಡಿಲಲ್ಲೇ ಇದ್ದವು. ಅವರ ನಗು ಮಾಯವಾಯಿತು. ಕಣ್ಣು ಶಮೀಮ್ ಬಾಜಿಯ ಮೇಲೆ ಹೋಗಿ ನಿಂತಿತು.

"ಬೇಗಂ ಸಾಹೇಬಾ, ನೀವು ನನಗ ಕಸಮ್ ಮಾಡೀರಿ."

ಬಾಜಿ ಎದ್ದು ನಿಂತರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು.

"ಮಾಡೀನಿ ಸಾವಕಾರ್ ಸಾಬ್, ಕುರ್ಚಿ ಸಲುವಾಗಿ ಮಾಡೀನಿ. ಮೈದಾನದ ಮಾತ ಅದರಾಗ ಇರಲಿಲ್ಲ. ನಿಮಗ ಕುರ್ಚಿ ಸಿಕ್ಕದಲ್ಲ, ಕೂಡ್ರಿ."